ತುಮಕೂರಿನ ಒಂದು ‘ಚಿಪ್ ಲೆವೆಲ್ ಸರ್ವೀಸ್’ ಅಂಗಡಿ: ಕೈಗೆಟುಕುವ ರಿಪೇರಿ, ಕೈಗೆಟುಕದ ಯಂತ್ರ

ತುಮಕೂರಿನ ಎಂ.ಜಿ. ರಸ್ತೆಯಿಂದ ಒಳಕ್ಕೆ ಹೋಗುವ ಅಡ್ಡರಸ್ತೆಯೊಂದರಲ್ಲಿ, ಸ್ಟೇಷನರಿ ಅಂಗಡಿಯ ಮೇಲಿನ ಮಹಡಿಯಲ್ಲಿ, ಹತ್ತು ಅಡಿ ಅಗಲದ ಒಂದು ರಿಪೇರಿ ಅಂಗಡಿಯಿದೆ. ಅದರ ಬೋರ್ಡಿನ ಮೇಲೆ ‘ಚಿಪ್ ಲೆವೆಲ್ ಸರ್ವೀಸ್’ ಎಂದು ದಪ್ಪ ಅಕ್ಷರಗಳಲ್ಲಿ ಬರೆದಿದೆ; ಅಂದರೆ ಇಡೀ ಬೋರ್ಡನ್ನು ಬದಲಿಸದೆ ಅದರ ಮೇಲಿನ ಕೆಟ್ಟ ಭಾಗವನ್ನಷ್ಟೇ ಸರಿಪಡಿಸುವ ಕೆಲಸ. ಈ ಮಾತು ಈಗ ತಾಲ್ಲೂಕು ಕೇಂದ್ರಗಳ ಮೊಬೈಲ್ ಅಂಗಡಿಗಳಲ್ಲೂ ಕಾಣಸಿಗುತ್ತದೆ. ಆದರೆ ಬರೆದುಕೊಂಡ ಮಾತಿಗೆ ತಕ್ಕ ಕೆಲಸ ಮಾಡಿಕೊಡುವವರು ಕಡಿಮೆ. ಕಳೆದ ನವೆಂಬರಿನಲ್ಲಿ ನನ್ನ ವರ್ಕ್‌ಶಾಪಿನ ಕಂಪ್ಯೂಟರ್ ಕೆಟ್ಟು ನಿಂತಾಗ ನಾನು ಈ ಅಂಗಡಿಗೆ ಮೂರು ಸಲ ಹೋಗಿಬಂದೆ, ಪ್ರತಿ ಸಲವೂ ಗಂಟೆಗಟ್ಟಲೆ ಕುಳಿತು ಕೆಲಸವನ್ನು ಕಣ್ಣಾರೆ ನೋಡಿದೆ. ಮಾಲೀಕರು ಒಬ್ಬರೇ ದುಡಿಯುವವರು. ಒಮ್ಮೆಲೇ ಜನ ಬಂದರೆ ಸುಧಾರಿಸಲು ಆಗುವುದಿಲ್ಲ, ಹೆಸರು ಬರೆಯಬೇಡಿ ಎಂದು ಕೇಳಿಕೊಂಡಿದ್ದರಿಂದ ಅಂಗಡಿಯ ಹೆಸರನ್ನು ಇಲ್ಲಿ ಕೊಟ್ಟಿಲ್ಲ.

ನನ್ನ ಬಗ್ಗೆ ಒಂದೆರಡು ಮಾತು ಹೇಳದಿದ್ದರೆ ಈ ವಿಮರ್ಶೆಯ ಒತ್ತು ಯಾಕೆ ಹೀಗಿದೆ ಎಂಬುದು ತಿಳಿಯಲಾರದು. ನಾನು ತುಮಕೂರಿನ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆಯ ಟೂಲ್ ರೂಮಿನಲ್ಲಿ ಕೆಲಸ ಕಲಿತವನು. ಜಪಾನಿನ ಸಿಟಿಜನ್ ಕಂಪನಿಯೊಂದಿಗೆ 1961ರಲ್ಲಿ ಆದ ಒಪ್ಪಂದದಿಂದ ಬೆಂಗಳೂರಿಗೆ ಬಂದ ಗಡಿಯಾರ ವಿದ್ಯೆ, ಮುಂದೆ ನಮ್ಮೂರಿಗೂ ಬಂದು ಸಾವಿರಾರು ಮನೆಗಳಿಗೆ ಅನ್ನ ಕೊಟ್ಟಿತು. ಕಾರ್ಖಾನೆ ಮುಚ್ಚಿ, ಆ ಜಾಗ ಇಸ್ರೋ ಕೈಗೆ ಹೋಗಿ ವರ್ಷಗಳೇ ಆದವು. ಈಗ ನಾನು ಇನ್ನಿಬ್ಬರ ಜೊತೆ ಸೇರಿ ಕಡೆಯುವಾಗ ವಸ್ತುವನ್ನು ಹಿಡಿದಿಡುವ ಸಾಧನಗಳಾದ ಸಣ್ಣ ಜಿಗ್, ಫಿಕ್ಸ್‌ಚರ್‌ಗಳನ್ನು ಮಾಡಿಕೊಡುವ ವರ್ಕ್‌ಶಾಪ್ ನಡೆಸುತ್ತಿದ್ದೇನೆ; ಡ್ರಾಯಿಂಗ್ ಮತ್ತು ಮಿಲ್ಲಿಂಗ್ ಪ್ರೋಗ್ರಾಂ ಎಲ್ಲವೂ ಆ ಒಂದು ಕಂಪ್ಯೂಟರಿನ ಮೇಲೆಯೇ ನಡೆಯುತ್ತವೆ. ಗಡಿಯಾರದ ಬ್ಯಾಲೆನ್ಸ್ ಸ್ಟಾಫಿನ (ಅತ್ತಿತ್ತ ತೂಗುವ ಚಕ್ರದ ಅಚ್ಚಿನ) ತುದಿ ಸುಮಾರು 0.1 ಮಿಲಿಮೀಟರ್ ದಪ್ಪವಿರುತ್ತದೆ. ಅದನ್ನು ಕೈಯಲ್ಲಿ ಹಿಡಿದು ಬೆಳೆದವನಿಗೆ ಸಣ್ಣದನ್ನು ಮಾಡುವ ವಿದ್ಯೆಯ ಬಗ್ಗೆ, ಆ ವಿದ್ಯೆ ಯಾರ ಕೈಯಲ್ಲಿದೆ ಎಂಬುದರ ಬಗ್ಗೆ, ಸಹಜವಾಗಿಯೇ ಕಾಳಜಿ ಇರುತ್ತದೆ.

ಕಂಪ್ಯೂಟರ್ 2020ರಲ್ಲಿ ಜೋಡಿಸಿದ್ದು. ಎಎಂಡಿ ಕಂಪನಿಯ ರೈಜನ್ 5 3600 ಪ್ರೊಸೆಸರ್, ಸಾಧಾರಣ ದರ್ಜೆಯ ಮದರ್‌ಬೋರ್ಡ್. ಒಂದು ಬೆಳಿಗ್ಗೆ ಸ್ವಿಚ್ ಒತ್ತಿದರೆ ಫ್ಯಾನ್ ಒಂದು ಸುತ್ತು ಅಲುಗಿ ನಿಂತುಹೋಯಿತು. ಧೂಳು ತೆಗೆದರೆ ಸರಿಹೋಗಬಹುದೆಂದು ಕೂಲರನ್ನು ಎತ್ತಿದೆ. ಪ್ರೊಸೆಸರಿನ ಬಿಸಿಯನ್ನು ಕೂಲರಿಗೆ ದಾಟಿಸಲು ಹಚ್ಚುವ ಥರ್ಮಲ್ ಪೇಸ್ಟು ಒಣಗಿ ಗೋಂದಿನ ಹಾಗೆ ಅಂಟಿಕೊಂಡಿದ್ದರಿಂದ, ಲಿವರ್ ಬಿಗಿಯಾಗಿದ್ದರೂ ಪ್ರೊಸೆಸರ್ ಸಾಕೆಟ್ಟಿನಿಂದ ಕಿತ್ತು ಕೂಲರಿನ ಜೊತೆಯಲ್ಲೇ ಮೇಲೆ ಬಂತು; 1331 ಪಿನ್ನುಗಳಲ್ಲಿ ಒಂದು ಮೂಲೆಯ ನಾಲ್ಕು ಪಿನ್ನುಗಳು ಬಾಗಿದವು. ಮೊದಲು ಹೋದ ಸರ್ವೀಸ್ ಸೆಂಟರಿನಲ್ಲಿ ಬೋರ್ಡನ್ನು ಮೇಜಿನ ಮೇಲೆ ಇಡಿಸಿಕೊಳ್ಳದೆಯೇ, ಇದು ಹಳೆಯ ಮಾಡೆಲ್, ಬೋರ್ಡು, ಪ್ರೊಸೆಸರ್, ರ‍್ಯಾಮ್ ಮೂರನ್ನೂ ಬದಲಾಯಿಸಬೇಕು ಎಂದು ಹೇಳಿ ನಲವತ್ತು ಸಾವಿರ ದಾಟುವ ಅಂದಾಜು ಬರೆದುಕೊಟ್ಟರು. ಪರೀಕ್ಷೆಯನ್ನೇ ಮಾಡದೆ ತೀರ್ಪು ಕೊಡುವ ಈ ರೀತಿ ನನಗೆ ಸರಿಕಾಣಲಿಲ್ಲ. ಪರಿಚಯದವರೊಬ್ಬರು ಈ ಮಹಡಿ ಅಂಗಡಿಯ ದಾರಿ ತೋರಿಸಿದರು.

ಇಲ್ಲಿ ಮೊದಲ ಮಾತೇ ಬೇರೆ ಥರ ಇತ್ತು. “ಸರ್, ಏನಾಗಿದೆ ಅಂತ ನೋಡದೆ ರೇಟ್ ಹೇಳಲ್ಲ. ನೋಡೋದಕ್ಕೆ ಮುನ್ನೂರು. ರಿಪೇರಿ ಆದ್ರೆ ಅದು ಬಿಲ್ಲಲ್ಲಿ ಕಳೆದುಹೋಗುತ್ತೆ” ಎಂದು ಹೇಳಿ, ನನ್ನೆದುರಿಗೇ ಬೋರ್ಡನ್ನು ಮ್ಯಾಟಿನ ಮೇಲೆ ಇಟ್ಟರು. ಪ್ರೊಸೆಸರ್ ಇಲ್ಲದ ಖಾಲಿ ಬೋರ್ಡಿನಲ್ಲಿ, ಪ್ರೊಸೆಸರಿಗೆ ಕರೆಂಟ್ ಹೋಗುವ ಲೈನನ್ನು ಮಲ್ಟಿಮೀಟರಿನ ಬೀಪ್ ಮೋಡಿನಲ್ಲಿ ಮುಟ್ಟಿದಾಗ ಅದು ಎಡೆಬಿಡದೆ ಕೂಗಿತು. ಪ್ರೊಸೆಸರ್ ಹೊರಗಿದ್ದೂ ಶಾರ್ಟ್ ತೋರಿಸುತ್ತಿದೆ ಎಂದರೆ ದೋಷ ಬೋರ್ಡಿನದು, ಪ್ರೊಸೆಸರಿನದಲ್ಲ ಎಂದು ಅವರು ವಿವರಿಸಿದರು. ಬಳಿಕ ಪವರ್ ಸಪ್ಲೈನಿಂದ ಒಂದು ವೋಲ್ಟನ್ನು ಆ ಲೈನಿಗೆ ಹರಿಸಿ, ಆ ಭಾಗದ ಮೇಲೆಲ್ಲ ಐಸೊಪ್ರೊಪೈಲ್ ಆಲ್ಕೋಹಾಲನ್ನು ಬ್ರಷ್ಷಿನಲ್ಲಿ ಸವರಿದರು. ಎಲ್ಲೆಡೆ ತೇವ ಹೊಳೆಯುತ್ತಿದ್ದಂತೆಯೇ, ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಒಂದು ಕಪ್ಪು ಚೌಕದ ಮೇಲೆ ಮಾತ್ರ ಮೂರು ನಾಲ್ಕು ಸೆಕೆಂಡುಗಳಲ್ಲಿ ಆಲ್ಕೋಹಾಲು ಆರಿ, ಒಣ ಚುಕ್ಕೆ ಮೂಡಿತು. ಅದೇ ಸುಟ್ಟ ಮಾಸ್‌ಫೆಟ್ (ಕರೆಂಟಿನ ಸಣ್ಣ ಸ್ವಿಚ್ಚು). ಕಾಯಿಲೆ ಎಲ್ಲಿದೆಯೆಂದು ಇಷ್ಟು ಸರಳವಾಗಿ, ಇಷ್ಟು ಖಚಿತವಾಗಿ ಗುರುತಿಸಿದ್ದನ್ನು ನೋಡಿ ನನಗೆ ನಮ್ಮ ಹಳೆಯ ಟೂಲ್ ರೂಮಿನ ಹಿರಿಯರು ನೆನಪಾದರು.

ಬಾಗಿದ ಪಿನ್ನುಗಳನ್ನು ನೆಟ್ಟಗೆ ಮಾಡುವ ಕೆಲಸಕ್ಕೆ ಕುಳಿತಾಗ ಅವರು ಪ್ರೊಸೆಸರಿನ ಬೆನ್ನಿನ ಮೇಲಿದ್ದ ಒಣ ಪೇಸ್ಟನ್ನು ಹತ್ತಿಯಿಂದ ಒರೆಸಿದರು. ಲೋಹದ ಮುಚ್ಚಳದ ಮೇಲೆ ಕೆತ್ತಿದ ಅಕ್ಷರಗಳು ಕಾಣಿಸಿಕೊಂಡವು: ಡಿಫ್ಯೂಸ್ಡ್ ಇನ್ ಯುಎಸ್‌ಎ, ಡಿಫ್ಯೂಸ್ಡ್ ಇನ್ ತೈವಾನ್, ಮೇಡ್ ಇನ್ ಚೈನಾ. ಐದು ವರ್ಷ ನನ್ನ ಮೇಜಿನ ಕೆಳಗೇ ಇದ್ದ ವಸ್ತುವಿನ ಮೇಲೆ ಜಗತ್ತಿನ ಇಂದಿನ ದೊಡ್ಡ ಪೈಪೋಟಿಯ ಮೂರು ಪಾತ್ರಧಾರಿಗಳ ಹೆಸರು ಒಟ್ಟಿಗೇ ಇದ್ದವು. ಇದರ ಅರ್ಥವೂ ನೇರವಾದುದೇ. ಒಂದೇ ಮುಚ್ಚಳದ ಕೆಳಗೆ ಎರಡು ಸಿಲಿಕಾನ್ ತುಂಡುಗಳಿವೆ: ಲೆಕ್ಕ ಮಾಡುವ ತುಂಡನ್ನು ತೈವಾನಿನ ಟಿಎಸ್‌ಎಂಸಿ ಕಂಪನಿ ತನ್ನ 7 ನ್ಯಾನೋಮೀಟರ್ ವಿಧಾನದಲ್ಲಿ (ಈ ಅಂಕಿ ಚಿಕ್ಕದಾದಷ್ಟೂ ವಿಧಾನ ಹೊಸದು) ಮಾಡಿದೆ, ಮೆಮೊರಿ ಮುಂತಾದವುಗಳ ಜೊತೆ ಸಂಪರ್ಕ ನೋಡಿಕೊಳ್ಳುವ ತುಂಡು ಗ್ಲೋಬಲ್‌ಫೌಂಡ್ರೀಸ್ ಕಂಪನಿಯ ಅಮೆರಿಕದ ಕಾರ್ಖಾನೆಯದು, ಎರಡನ್ನೂ ಜೋಡಿಸಿ ಮುಚ್ಚಳ ಹಾಕಿದ್ದು ಚೀನಾದಲ್ಲಿ. ಮಾಲೀಕರು ಕಡ್ಡಿ ತೆಗೆದ ಮೆಕ್ಯಾನಿಕಲ್ ಪೆನ್ಸಿಲಿನ ಖಾಲಿ ಲೋಹದ ತುದಿಯನ್ನು ಒಂದೊಂದೇ ಪಿನ್ನಿಗೆ ತೊಡಿಸಿ, ಮೈಕ್ರೋಸ್ಕೋಪಿನಡಿ ಉಸಿರು ಹಿಡಿದು ನೆಟ್ಟಗೆ ಮಾಡಿದರು. “ಸರ್, ನಮ್ಮ ಕೈ ಓಡೋದು ಪಿನ್ನಿನ ತನಕ. ಮುಚ್ಚಳದ ಒಳಗೆ ಕೆಟ್ಟಿದ್ರೆ ತುಮಕೂರಲ್ಲಲ್ಲ, ಇಡೀ ದೇಶದಲ್ಲಿ ಯಾರೂ ಏನೂ ಮಾಡೋಕಾಗಲ್ಲ” ಎಂದರು. ‘ಚಿಪ್ ಲೆವೆಲ್’ ಎಂಬ ಮಾತಿನ ಗಡಿ ಎಲ್ಲಿದೆ ಎಂಬುದನ್ನು ಗಿರಾಕಿಗೆ ಬಾಯಿಬಿಟ್ಟು ಹೇಳುವ ಈ ಪ್ರಾಮಾಣಿಕತೆಗೇ ನಾನು ಅಂಗಡಿಗೆ ಮೊದಲ ಅಂಕ ಕೊಡುತ್ತೇನೆ.

ಆ ಮುಚ್ಚಳದ ಒಳಗಿನದನ್ನು ಮಾಡುವ ಯಂತ್ರಗಳ ಸುತ್ತಲೇ ಈಗ ರಫ್ತು ನಿರ್ಬಂಧಗಳ ಬೇಲಿ ಎದ್ದಿದೆ. ಚಿಪ್ಪಿನ ನಕ್ಷೆಯನ್ನು ಬೆಳಕಿನಿಂದ ಸಿಲಿಕಾನ್ ಬಿಲ್ಲೆಯ ಮೇಲೆ ಅಚ್ಚೊತ್ತುವ ಕೆಲಸವನ್ನು ಲಿಥೊಗ್ರಫಿ ಎನ್ನುತ್ತಾರೆ. ನನ್ನ ಪ್ರೊಸೆಸರಿನ ತೈವಾನಿ ತುಂಡು 193 ನ್ಯಾನೋಮೀಟರ್ ತರಂಗಾಂತರದ ಬೆಳಕಿನಲ್ಲಿ, ಮಸೂರಕ್ಕೂ ಬಿಲ್ಲೆಗೂ ನಡುವೆ ನೀರಿನ ತೆಳು ಪದರವಿಟ್ಟು, ಒಂದೇ ಪದರವನ್ನು ಹಲವು ಸಲ ಅಚ್ಚು ಹಾಕಿ ಮಾಡಿದ್ದು. ಅದಕ್ಕಿಂತ ಮುಂದಿನ ಪೀಳಿಗೆಯ ಇಯುವಿ (ಎಕ್ಸ್ಟ್ರೀಮ್ ಅಲ್ಟ್ರಾವಯಲೆಟ್) ಯಂತ್ರ ಬಳಸುವುದು 13.5 ನ್ಯಾನೋಮೀಟರ್ ಬೆಳಕನ್ನು. ಆ ಬೆಳಕು ದೀಪದಿಂದ ಬರುವುದಲ್ಲ. ಕರಗಿದ ತವರದ ಹನಿಗಳನ್ನು ಸೆಕೆಂಡಿಗೆ 50,000ದಂತೆ ಬೀಳಿಸಿ, ಪ್ರತಿ ಹನಿಗೂ ಲೇಸರಿನಿಂದ ಎರಡು ಸಲ ಹೊಡೆದು ಅದನ್ನು ಹುಟ್ಟಿಸುತ್ತಾರೆ. ಗಾಳಿಯೇ ಆ ಬೆಳಕನ್ನು ನುಂಗಿಬಿಡುವುದರಿಂದ ಎಲ್ಲವೂ ನಿರ್ವಾತದಲ್ಲಿ, ಗಾಜಿನ ಮಸೂರಗಳಿಲ್ಲದೆ ಕನ್ನಡಿಗಳಿಂದಲೇ ನಡೆಯಬೇಕು. ಲೇಸರ್ ಜರ್ಮನಿಯ ಟ್ರಂಪ್ಫ್ ಕಂಪನಿಯದು, ಕನ್ನಡಿ ಜರ್ಮನಿಯದೇ ಝೈಸ್ ಕಂಪನಿಯದು, ಬೆಳಕಿನ ಮೂಲದ ತಂತ್ರಜ್ಞಾನ ಅಮೆರಿಕದ ಸ್ಯಾನ್ ಡಿಯಾಗೊದ್ದು. ಎಲ್ಲವನ್ನೂ ಕೂಡಿಸಿ ಸುಮಾರು 180 ಟನ್ ತೂಕದ ಯಂತ್ರವಾಗಿ ಮಾರುವ ಕಂಪನಿ ಜಗತ್ತಿನಲ್ಲಿ ಒಂದೇ: ನೆದರ್ಲೆಂಡ್ಸಿನ ಎಎಸ್‌ಎಂಎಲ್. ಒಬ್ಬರ ಕೈಯಲ್ಲೇ ಇರುವ ವಿದ್ಯೆಯನ್ನು ತಡೆಯಲು ಒಂದು ಸಹಿ ಸಾಕು.

ಆ ಸಹಿ ಬಿದ್ದದ್ದು ಒಮ್ಮೆಲೇ ಅಲ್ಲ, ಹಂತ ಹಂತವಾಗಿ. 2019ರಲ್ಲಿ ಅಮೆರಿಕ ಚೀನಾದ ಹುವಾವೆ ಕಂಪನಿಯನ್ನು ನಿರ್ಬಂಧಿತರ ಪಟ್ಟಿಗೆ ಸೇರಿಸಿತು. ಅದೇ ವರ್ಷ ಚೀನಾಕ್ಕೆ ಇಯುವಿ ಯಂತ್ರ ಕಳುಹಿಸುವ ಪರವಾನಗಿಯನ್ನು ಡಚ್ (ನೆದರ್ಲೆಂಡ್ಸ್) ಸರ್ಕಾರ ನವೀಕರಿಸಲಿಲ್ಲ. 2020ರ ಸೆಪ್ಟೆಂಬರಿನ ನಂತರ ಟಿಎಸ್‌ಎಂಸಿ ಹುವಾವೆಗೆ ಚಿಪ್ ಮಾಡಿಕೊಡುವುದನ್ನು ನಿಲ್ಲಿಸಬೇಕಾಯಿತು. ತೈವಾನಿನ ಕಂಪನಿಯನ್ನು ಅಮೆರಿಕದ ಕಾನೂನು ಹೇಗೆ ಕಟ್ಟಿಹಾಕಿತು ಎಂದು ಕೇಳಿದರೆ, ಅಮೆರಿಕದ ಉಪಕರಣ ಮತ್ತು ಸಾಫ್ಟ್‌ವೇರ್ ಬಳಸಿ ಯಾರು ಎಲ್ಲೇ ಮಾಡಿದ ವಸ್ತುವಿಗೂ ತನ್ನ ಅಪ್ಪಣೆ ಬೇಕು ಎಂಬ ನಿಯಮವೇ ಉತ್ತರ. 2022ರ ಅಕ್ಟೋಬರ್ 7ರ ನಿಯಮಗಳು ಒಂದು ಕಂಪನಿಯನ್ನು ಬಿಟ್ಟು ಇಡೀ ಚೀನಾ ದೇಶವನ್ನೇ ಗುರಿಯಾಗಿಸಿದವು: ದೊಡ್ಡ ಕೃತಕ ಬುದ್ಧಿಮತ್ತೆ ಚಿಪ್ಪುಗಳಷ್ಟೇ ಅಲ್ಲದೆ, 16 ಅಥವಾ 14 ನ್ಯಾನೋಮೀಟರ್ ಮತ್ತು ಅದಕ್ಕಿಂತ ಮುಂದುವರಿದ ಲಾಜಿಕ್ (ಲೆಕ್ಕ ಮಾಡುವ) ಚಿಪ್ಪು, 18 ನ್ಯಾನೋಮೀಟರ್ ಹಾಗೂ ಅದಕ್ಕಿಂತ ಚಿಕ್ಕ ಗಾತ್ರದ, ಕಂಪ್ಯೂಟರಿನ ಕೆಲಸದ ಮೆಮೊರಿಯಾದ ಡಿರ‍್ಯಾಮ್, 128 ಪದರ ಮತ್ತು ಅದಕ್ಕಿಂತ ಹೆಚ್ಚಿನ ಫ್ಲ್ಯಾಶ್ ಮೆಮೊರಿ ಮಾಡುವ ಕಾರ್ಖಾನೆಗಳಿಗೆ ಹೋಗುವ ಉಪಕರಣಗಳಿಗೂ ತಡೆ ಬಂತು. ಅಂಥ ಕಾರ್ಖಾನೆಗಳಿಗೆ ಅಮೆರಿಕದ ಪ್ರಜೆಗಳು ನೆರವಾಗುವುದಕ್ಕೂ ಪರವಾನಗಿ ಬೇಕಾಯಿತು. ರಿಪೇರಿ ಅಂಗಡಿಯಲ್ಲಿ ಕುಳಿತು ಇದನ್ನು ನೆನೆದಾಗ, ಎಲ್ಲಕ್ಕಿಂತ ಹೆಚ್ಚಾಗಿ ಮನಸ್ಸಿಗೆ ನಾಟಿದ್ದು ಈ ಕೊನೆಯ ಅಂಶವೇ. ಯಂತ್ರವನ್ನು ಮಾರಿದರೆ ಮುಗಿಯಲಿಲ್ಲ. ಅದನ್ನು ಸರ್ವೀಸ್ ಮಾಡುವವನ ಕೈ ಬೇಕು, ಬಿಡಿಭಾಗ ಬೇಕು. ಸರ್ವೀಸ್ ನಿಂತರೆ ಕೋಟಿಗಟ್ಟಲೆಯ ಯಂತ್ರವೂ ಕೆಲವೇ ಕಾಲದಲ್ಲಿ ಕಬ್ಬಿಣದ ರಾಶಿಯಾಗುತ್ತದೆ. ಅದನ್ನು ಅರಿತವರೇ ಆ ನಿಯಮ ಬರೆದಿದ್ದಾರೆ.

ಹಾಗಿದ್ದೂ ತಡೆ ಪೂರ್ತಿ ಹಿಡಿಯಲಿಲ್ಲ. 2023ರ ಆಗಸ್ಟ್ ಕೊನೆಯಲ್ಲಿ, ಅಮೆರಿಕದ ವಾಣಿಜ್ಯ ಕಾರ್ಯದರ್ಶಿ ಜಿನಾ ರೈಮಂಡೊ ಚೀನಾ ಪ್ರವಾಸದಲ್ಲಿದ್ದಾಗಲೇ, ಹುವಾವೆ ತನ್ನ ಮೇಟ್ 60 ಪ್ರೊ ಫೋನನ್ನು ಮಾರುಕಟ್ಟೆಗೆ ಬಿಟ್ಟಿತು. ಬಿಚ್ಚಿ ನೋಡಿದವರಿಗೆ ಒಳಗೆ ಸಿಕ್ಕಿದ್ದು ಚೀನಾದ ಎಸ್‌ಎಂಐಸಿ ಕಂಪನಿ ಮಾಡಿದ 7 ನ್ಯಾನೋಮೀಟರ್ ಚಿಪ್. ಇಯುವಿ ಇಲ್ಲದೆ ಅದು ಹೇಗೆ ಸಾಧ್ಯವಾಯಿತು ಎಂಬುದಕ್ಕೆ ನನ್ನ ಪ್ರೊಸೆಸರೇ ಸಾಕ್ಷಿ. ಅದೂ 7 ನ್ಯಾನೋಮೀಟರ್ ಪೀಳಿಗೆಯದು, ಅದೂ ಹಳೆಯ 193 ನ್ಯಾನೋಮೀಟರ್ ಬೆಳಕಿನಲ್ಲೇ ಆದದ್ದು. ಹೆಚ್ಚು ಸಲ ಅಚ್ಚು ಹಾಕಬೇಕು, ಹೆಚ್ಚು ಬಿಲ್ಲೆಗಳು ಕೆಡುತ್ತವೆ, ಖರ್ಚು ಏರುತ್ತದೆ. ಆದರೆ ಹಟ ಹಿಡಿದು ಮಾಡಿದರೆ ಆಗುತ್ತದೆ. ಹೀಗಾಗಬಹುದೆಂಬ ಅರಿವು ಆ ಫೋನಿಗೂ ಮೊದಲೇ ಇದ್ದುದರಿಂದ 2023ರ ಜುಲೈನಲ್ಲಿ ಜಪಾನ್ 23 ಬಗೆಯ ಉಪಕರಣಗಳಿಗೆ, ಸೆಪ್ಟೆಂಬರಿನಲ್ಲಿ ನೆದರ್ಲೆಂಡ್ಸ್ ಆ ನೀರಿನ ಪದರದ ಯಂತ್ರಗಳಲ್ಲಿ ಮುಂದುವರಿದವುಗಳಿಗೆ ಪರವಾನಗಿ ಕಡ್ಡಾಯ ಮಾಡಿದವು. ಮುಂದಿನ ವರ್ಷ ನೆದರ್ಲೆಂಡ್ಸ್ ಅವಕ್ಕಿಂತ ಹಳೆಯ ಎರಡು ಮಾದರಿಗಳನ್ನೂ ಸೇರಿಸಿಕೊಂಡಿತು. ನಿರ್ಬಂಧ ಎದುರಾಳಿಯನ್ನು ನಿಧಾನ ಮಾಡುತ್ತದೆ, ಅವನ ಖರ್ಚು ಹೆಚ್ಚಿಸುತ್ತದೆ, ಆದರೆ ಅವನಿಗೆ ಕಲಿಯಲೇಬೇಕಾದ ಅನಿವಾರ್ಯವನ್ನೂ ತಂದೊಡ್ಡುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ವಿಷಯದಲ್ಲಿ ನನ್ನ ಕಸುಬಿಗೆ ಹತ್ತಿರದ ಹಳೆಯ ಉದಾಹರಣೆಯೊಂದಿದೆ. ಚಿಪ್ಪಿನ ಕಾಲಕ್ಕೆ ಮುಂಚೆ ಬೇಲಿ ಹಾಕಿದ್ದು ಮಷೀನ್ ಟೂಲುಗಳಿಗೆ. ಜಪಾನಿನ ತೋಶಿಬಾ ಮಷೀನ್ ಕಂಪನಿ ನಾರ್ವೆಯ ಕಾಂಗ್ಸ್‌ಬರ್ಗ್ ಕಂಟ್ರೋಲರುಗಳೊಂದಿಗೆ ಹಲವು ಆ್ಯಕ್ಸಿಸ್‌ಗಳ ಮಿಲ್ಲಿಂಗ್ ಯಂತ್ರಗಳನ್ನು 1980ರ ದಶಕದ ಆರಂಭದಲ್ಲಿ ಸೋವಿಯತ್ ಒಕ್ಕೂಟಕ್ಕೆ ಮಾರಿದ್ದು 1987ರಲ್ಲಿ ಬಯಲಾಯಿತು. ಜಲಾಂತರ್ಗಾಮಿಗಳ ಪ್ರೊಪೆಲ್ಲರನ್ನು ಸದ್ದು ಕಡಿಮೆಯಾಗುವಂತೆ ಕಡೆಯಲು ಅವು ಬಳಕೆಯಾದವು ಎಂಬುದು ಆರೋಪ. ಅಮೆರಿಕದ ಸಂಸದರು ಸಂಸತ್ ಭವನದ ಹುಲ್ಲುಹಾಸಿನ ಮೇಲೆ ತೋಶಿಬಾ ರೇಡಿಯೊವನ್ನು ಸುತ್ತಿಗೆಯಿಂದ ಒಡೆದರು. ಇಂಥ ರಫ್ತನ್ನು ತಡೆಯಲು ಪಾಶ್ಚಾತ್ಯ ಬಣ ಕಟ್ಟಿಕೊಂಡಿದ್ದ ಕೋಕಾಮ್ ಎಂಬ ಒಕ್ಕೂಟ 1994ರಲ್ಲಿ ಮುಚ್ಚಿ, ಅದರ ಜಾಗಕ್ಕೆ ವಾಸೆನಾರ್ ವ್ಯವಸ್ಥೆ ಬಂತು. 2017ರ ಡಿಸೆಂಬರಿನಲ್ಲಿ ಭಾರತವೂ ಅದರ ಸದಸ್ಯನಾಯಿತು. ಮಿಲ್ಲಿಂಗ್ ಯಂತ್ರದ ಮುಂದೆ ನಿಂತು ಬದುಕು ಕಟ್ಟಿಕೊಂಡ ನಮ್ಮಂಥವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಕಡೆಯುವ ಯಂತ್ರ ಯಾರದೋ, ಮೇಲುಗೈಯೂ ಅವರದೇ.

ನಾವೂ ಈ ಬೇಲಿಯ ಹೊರಗೆ ನಿಂತವರೇ. 1980ರ ದಶಕದಲ್ಲಿ ನಾವು ಬಯಸಿದ ಶಕ್ತಿಯ ಕ್ರೇ ಸೂಪರ್‌ಕಂಪ್ಯೂಟರನ್ನು ಅಮೆರಿಕ ಕೊಡಲಿಲ್ಲ. ಆಗ ನಮ್ಮದೇ ಸೂಪರ್ ಕಂಪ್ಯೂಟರ್ ಮಾಡಲು ಸಿ-ಡ್ಯಾಕ್ ಎಂಬ ಸರ್ಕಾರಿ ಸಂಸ್ಥೆ ಹುಟ್ಟಿ, 1991ರಲ್ಲಿ ಅದರ ಪರಮ್ 8000 ಬಂತು. ಆ ಯಂತ್ರದೊಳಗಿನ ಪ್ರೊಸೆಸರುಗಳು ಬ್ರಿಟನ್ನಿನ ಇನ್‌ಮಾಸ್ ಕಂಪನಿಯವು ಎಂಬುದನ್ನು ಹೆಮ್ಮೆಯ ನಡುವೆಯೂ ಮರೆಯಬಾರದು. 1992ರಲ್ಲಿ ಅತಿ ಶೀತಲ ಇಂಧನದ ಕ್ರಯೋಜೆನಿಕ್ ರಾಕೆಟ್ ಎಂಜಿನ್ ವಿಷಯದಲ್ಲಿ ಇಸ್ರೋ ಮೇಲೂ ಅದನ್ನು ಮಾರಲಿದ್ದ ರಷ್ಯಾದ ಸಂಸ್ಥೆ ಗ್ಲಾವ್‌ಕಾಸ್ಮಾಸ್ ಮೇಲೂ ಅಮೆರಿಕ ನಿರ್ಬಂಧ ಹೇರಿತು; ನಮ್ಮದೇ ಎಂಜಿನ್ ಹೊತ್ತ ರಾಕೆಟ್ ಜಿಎಸ್‌ಎಲ್‌ವಿ ಯಶಸ್ವಿಯಾಗಿ ಹಾರಿದ್ದು 2014ರ ಜನವರಿ 5ರಂದು. ಎರಡು ದಶಕ ದಾಟಿದ ಕಾಯುವಿಕೆ ಅದು. ತೀರಾ ಈಚೆಗೆ, 2025ರ ಜನವರಿಯಲ್ಲಿ ಅಮೆರಿಕ ಪ್ರಕಟಿಸಿದ ನಿಯಮವೊಂದು ಮುಂದುವರಿದ ಚಿಪ್ಪುಗಳನ್ನು ಅಡೆತಡೆಯಿಲ್ಲದೆ ಕೊಳ್ಳಬಹುದಾದ 18 ಮಿತ್ರರ ಪಟ್ಟಿ ಮಾಡಿತ್ತು. ಅದರಲ್ಲಿ ಭಾರತ ಇರಲಿಲ್ಲ. ಮೇ ತಿಂಗಳಲ್ಲಿ ಆ ನಿಯಮವನ್ನು ಹಿಂತೆಗೆದುಕೊಂಡರು. ತೆಗೆದರು ಎಂದು ಸಮಾಧಾನಪಡುವುದಕ್ಕಿಂತ, ಬೇರೆಯವರ ಪಟ್ಟಿಯಲ್ಲಿ ನಮ್ಮ ಜಾಗ ಎಲ್ಲಿತ್ತು ಎಂಬುದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಅಂಗಡಿಗೆ ಮರಳುತ್ತೇನೆ. ಎರಡನೆಯ ಸಲ ಹೋದಾಗ ಸುಟ್ಟ ಮಾಸ್‌ಫೆಟ್ಟನ್ನು ತೆಗೆಯುವ ಕೆಲಸ ನಡೆಯಿತು. ಸುತ್ತಲಿನ ಭಾಗಗಳಿಗೆ ಬಿಸಿ ತಾಳುವ ಹಳದಿ ಕ್ಯಾಪ್ಟಾನ್ ಟೇಪು ಹಚ್ಚಿ, ಫ್ಲಕ್ಸ್ ಹಾಕಿ, ಹಾಟ್ ಏರ್ ಗನ್ನನ್ನು ಒಂದೇ ಕಡೆ ನಿಲ್ಲಿಸದೆ ನಿಧಾನವಾಗಿ ಸುತ್ತಿಸುತ್ತ, ಬೆಸುಗೆ ಕರಗಿ ಹೊಳಪು ಬಂದ ಕ್ಷಣಕ್ಕೆ ಚಿಮಟದಿಂದ ಎತ್ತಿದರು. ಗೋಡೆಗೆ ಒರಗಿಸಿದ್ದ ಹಳೆಯ ಬೋರ್ಡುಗಳ ರಾಶಿಯಿಂದ ಅದೇ ನಂಬರಿನದನ್ನು ಹುಡುಕಿ, ಮೀಟರಿನಲ್ಲಿ ಪರೀಕ್ಷಿಸಿ ಕೂರಿಸಿದರು. ಹೊಸ ಭಾಗ ಯಾಕೆ ಹಾಕುವುದಿಲ್ಲ ಎಂದು ಕೇಳಿದೆ. ಆ ನಂಬರಿನ ಹೊಸ ಭಾಗವೆಂದು ಬರುವುದರಲ್ಲಿ ಮೇಲಿನ ಅಕ್ಷರ ಕೆರೆದು ಮರುಮುದ್ರಿಸಿದ ನಕಲಿಗಳು ಹೆಚ್ಚು, ಒಳ್ಳೆಯ ಬೋರ್ಡಿನಿಂದ ತೆಗೆದ ಹಳೆಯದೇ ಹೆಚ್ಚು ನಂಬಿಕೆಗೆ ಅರ್ಹ ಎಂದರು. ಒಪ್ಪತಕ್ಕ ಮಾತು, ಆದರೆ ಇದನ್ನು ಗಿರಾಕಿ ಕೇಳುವ ಮುಂಚೆಯೇ ಹೇಳಬೇಕು, ಬಿಲ್ಲಿನಲ್ಲೂ ಬರೆಯಬೇಕು. ಬಿಲ್ಲಿನಲ್ಲಿ ‘ಬೋರ್ಡ್ ರಿಪೇರಿ’ ಎಂದಷ್ಟೇ ಇತ್ತು. ಅಂಗಡಿಯ ಬಗ್ಗೆ ನನ್ನ ಮುಖ್ಯ ಆಕ್ಷೇಪ ಇದೇ.

ಮಾಸ್‌ಫೆಟ್ ಎಂಬುದು ಕರೆಂಟನ್ನು ಬಿಡುವ, ತಡೆಯುವ ಸಣ್ಣ ಸ್ವಿಚ್ಚು. ಅದಕ್ಕೆ ಇಯುವಿ ಬೇಡ, ನ್ಯಾನೋಮೀಟರುಗಳ ಸಾಹಸ ಬೇಡ. ದಶಕಗಳ ಹಿಂದಿನ ಯಂತ್ರಗಳಲ್ಲೂ ಆಗುವ ವಸ್ತು. ಆದರೂ ನನ್ನ ಕಂಪ್ಯೂಟರ್ ನಿಂತದ್ದು 7 ನ್ಯಾನೋಮೀಟರಿನ ಪ್ರೊಸೆಸರಿನಿಂದಲ್ಲ, ಈ ಸ್ವಿಚ್ಚಿನಿಂದ. ಅದೇ ಹೊತ್ತಿಗೆ ಜಗತ್ತಿನ ಕಾರು ಕಾರ್ಖಾನೆಗಳಲ್ಲೂ ಇಂಥದ್ದೇ ಸಂಕಟ ನಡೆದಿತ್ತು. ನೆಕ್ಸ್‌ಪೀರಿಯಾ ಎಂಬ ಡಚ್ ಕಂಪನಿ ಇಂಥ ಮಾಸ್‌ಫೆಟ್, ಡಯೋಡುಗಳನ್ನೇ ಮಾಡುವುದು. ಮಾಲೀಕತ್ವ ಚೀನಾದ ವಿಂಗ್‌ಟೆಕ್ ಕಂಪನಿಯದು. 2025ರ ಸೆಪ್ಟೆಂಬರ್ ಕೊನೆಯಲ್ಲಿ ಡಚ್ ಸರ್ಕಾರ ಆ ಕಂಪನಿಯ ಮೇಲೆ ಹಿಡಿತ ಸಾಧಿಸಿತು. ಅಕ್ಟೋಬರ್ ಆರಂಭದಲ್ಲೇ ಚೀನಾ ತನ್ನ ನೆಲದಲ್ಲಿ ಜೋಡಣೆಯಾದ ನೆಕ್ಸ್‌ಪೀರಿಯಾ ಭಾಗಗಳ ರಫ್ತನ್ನು ತಡೆಯಿತು. ಬಿಲ್ಲೆ ಯುರೋಪಿನಲ್ಲಿ ತಯಾರಾದರೂ ಕತ್ತರಿಸಿ ಪ್ಯಾಕ್ ಮಾಡುವ ಕೆಲಸದ ಹೆಚ್ಚಿನ ಪಾಲು ಚೀನಾದಲ್ಲೇ ನಡೆಯುತ್ತಿತ್ತು. ಕೆಲವೇ ರೂಪಾಯಿಗಳ ಭಾಗವಿಲ್ಲದೆ ಹೋಂಡಾದಂಥ ಕಂಪನಿ ಉತ್ತರ ಅಮೆರಿಕದಲ್ಲಿ ಉತ್ಪಾದನೆ ತಗ್ಗಿಸಬೇಕಾಯಿತು. ನವೆಂಬರ್ 19ರಂದು ಡಚ್ ಸರ್ಕಾರ ತನ್ನ ಆದೇಶವನ್ನು ಅಮಾನತಿನಲ್ಲಿಟ್ಟಿತು. ಮುಂದುವರಿದ ಚಿಪ್ಪಿನ ಬೀಗದಕೈ ಒಂದು ಬಣದ ಬಳಿಯಿದ್ದರೆ, ಸಾಮಾನ್ಯ ಚಿಪ್ಪಿನ, ಕಚ್ಚಾವಸ್ತುವಿನ ಬೀಗದಕೈ ಇನ್ನೊಂದರ ಬಳಿಯಿದೆ. ಗ್ಯಾಲಿಯಂ, ಜರ್ಮೇನಿಯಂಗೆ ಚೀನಾ 2023ರ ಆಗಸ್ಟಿನಿಂದ ಪರವಾನಗಿ ಕೇಳಿದ್ದು, 2025ರ ಏಪ್ರಿಲಿನಲ್ಲಿ ವಿರಳ ಲೋಹಗಳ ಅಯಸ್ಕಾಂತಗಳಿಗೂ ಅದನ್ನು ವಿಸ್ತರಿಸಿ ನಮ್ಮ ವಾಹನ ತಯಾರಕರನ್ನೂ ಕಾಡಿದ್ದು ಇದೇ ಕಥೆಯ ಭಾಗ.

ಮೇಜಿನ ಮೂಲೆಯಲ್ಲಿ ಗ್ರಾಫಿಕ್ಸ್ ಕಾರ್ಡೊಂದು ಬಿಚ್ಚಿ ಮಲಗಿತ್ತು. ಅದನ್ನು ನೋಡಿದಾಗ ಮಾತು ಎನ್ವಿಡಿಯಾ ಕಂಪನಿಯ ಗ್ರಾಫಿಕ್ಸ್ ಕಾರ್ಡಾದ ಆರ್‌ಟಿಎಕ್ಸ್ 4090ರ ಕಡೆ ಹೊರಳಿತು. ಆಟವಾಡುವವರಿಗೆಂದು ಮಾಡಿದ ಆ ಕಾರ್ಡು 2023ರ ಅಕ್ಟೋಬರಿನ ನಿಯಮಗಳ ಮಿತಿಯನ್ನು ಮೀರಿದ್ದರಿಂದ ಚೀನಾದಲ್ಲಿ ಅದರ ಮಾರಾಟ ನಿಂತು, ಡಿಸೆಂಬರಿನಲ್ಲಿ 4090ಡಿ ಎಂಬ ತಗ್ಗಿಸಿದ ಮಾದರಿ ಬಂತು. ಅಷ್ಟರಲ್ಲಿ ಅಲ್ಲಿನ ಕಾರ್ಯಾಗಾರಗಳು ಕಾರ್ಡುಗಳ ಮುಖ್ಯ ಚಿಪ್ಪನ್ನೂ ಮೆಮೊರಿಯನ್ನೂ ಕಿತ್ತು, ಬೇರೆ ಬೋರ್ಡುಗಳಿಗೆ ಕೂರಿಸಿ ಸರ್ವರುಗಳಿಗೆ ಮಾರತೊಡಗಿದ್ದು, ಜೀವವಿಲ್ಲದ ಖಾಲಿ ಕಾರ್ಡುಗಳು ಹಳೆಯ ಸಾಮಾನಿನ ಮಾರುಕಟ್ಟೆಗೆ ಬಂದದ್ದು ವರದಿಯಾಗಿತ್ತು. ಮಾಲೀಕರಿಗೆ ಇದು ಚೆನ್ನಾಗಿ ಗೊತ್ತಿತ್ತು. ಎಷ್ಟೇ ದೊಡ್ಡ ನಿರ್ಬಂಧವಾದರೂ ಕೊನೆಗೆ ಅದನ್ನು ಸುತ್ತಿಬಳಸುವ ಕೆಲಸ ನಡೆಯುವುದು ಹಾಟ್ ಏರ್ ಗನ್ ಹಿಡಿದ ಕೈಗಳಿಂದ, ಅಂದರೆ ಇವರು ತುಮಕೂರಿನಲ್ಲಿ ಮಾಡುವ ಕೆಲಸದಿಂದಲೇ. ಸೆಕೆಂಡ್ ಹ್ಯಾಂಡ್ ಕಾರ್ಡು ಕೊಳ್ಳುವ ಗಿರಾಕಿಗಳಿಗೆ ಹಣ ಕೊಡುವ ಮುಂಚೆ ತಮ್ಮ ಮೇಜಿನ ಮೇಲೆ ಹೀಟ್‌ಸಿಂಕ್ ತೆಗೆಸಿ ಚಿಪ್ ಇದೆಯೇ ಎಂದು ನೋಡಿಕೊಳ್ಳಲು ಅವರು ಹೇಳುತ್ತಾರೆ. ಈ ಪರೀಕ್ಷೆಗೂ ಅದೇ ಮುನ್ನೂರು ರೂಪಾಯಿ.

ಮೂರನೆಯ ದಿನ ಕಂಪ್ಯೂಟರ್ ಮತ್ತೆ ಚಾಲೂ ಆಯಿತು. ನನ್ನ ಡ್ರಾಯಿಂಗ್ ಫೈಲೊಂದನ್ನು ತೆರೆಸಿ, ಒಂದು ಗಂಟೆ ಓಡಿಸಿ, ಮಾಸ್‌ಫೆಟ್ಟಿನ ಬಳಿ ಬಿಸಿ ಎಷ್ಟಿದೆಯೆಂದು ಅಳೆದು ತೋರಿಸಿದ ಮೇಲೆಯೇ ಹಣ ತೆಗೆದುಕೊಂಡರು: ಎಲ್ಲ ಸೇರಿ 3,200 ರೂಪಾಯಿ. ನಾಲ್ಕು ಪಿನ್ನುಗಳೂ ನಿಂತಿವೆ; ಇದನ್ನು ಬರೆಯುವ ಹೊತ್ತಿಗೂ ಯಂತ್ರ ತಕರಾರಿಲ್ಲದೆ ನಡೆಯುತ್ತಿದೆ. ಜೊತೆಗೆ ರ‍್ಯಾಮ್ ಹೆಚ್ಚಿಸಿಕೊಳ್ಳೋಣವೆಂದು ಕೇಳಿದಾಗ, “ಈಗ ಬೇಡ ಸರ್, ಮೂರು ತಿಂಗಳಲ್ಲಿ ಬೆಲೆ ದುಪ್ಪಟ್ಟಾಗಿದೆ, ಇರೋದ್ರಲ್ಲೇ ನಡೆಸಿ” ಎಂದರು. ಮಾರಾಟವನ್ನು ಬಿಟ್ಟುಕೊಟ್ಟು ಬುದ್ಧಿ ಹೇಳುವ ವ್ಯಾಪಾರಿ ಅಪರೂಪ. ಬೆಲೆ ಏರಿದ್ದರ ಕಾರಣವೂ ನಮ್ಮ ಹತೋಟಿಯದಲ್ಲ: ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳಿಗೆ ಬೇಕಾದ ದುಬಾರಿ ಮೆಮೊರಿಯತ್ತ ದೊಡ್ಡ ತಯಾರಕರು ತಮ್ಮ ಕಾರ್ಖಾನೆಗಳನ್ನು ತಿರುಗಿಸಿದ್ದಾರೆ. ಈ ಕೊರತೆಯನ್ನು ತುಂಬಬಹುದಾಗಿದ್ದ ಚೀನಾದ ತಯಾರಕರಿಗೆ ಮುಂದುವರಿದ ಉಪಕರಣಗಳು ಸುಲಭವಾಗಿ ಸಿಗುತ್ತಿಲ್ಲ. ಯಾರನ್ನೋ ಗುರಿಯಾಗಿಸಿದ ನಿಯಮದ ಭಾರವನ್ನು ಗುಬ್ಬಿಯ, ಕುಣಿಗಲ್ಲಿನ ಡಿಟಿಪಿ ಅಂಗಡಿಯವರೂ ಹೊರುತ್ತಿದ್ದಾರೆ ಎಂದು ನನಗನಿಸುತ್ತದೆ.

ನಮ್ಮಲ್ಲಿ ಕೆಲಸ ಶುರುವಾಗಿಲ್ಲವೆಂದಲ್ಲ. ಕೋಲಾರದ ನರಸಾಪುರದಲ್ಲಿ ಐಫೋನ್ ಜೋಡಣೆಯಾಗುತ್ತಿದೆ, ಆದರೆ ಅದರ ಮುಖ್ಯ ಚಿಪ್ ಟಿಎಸ್‌ಎಂಸಿಯದು. ಗುಜರಾತಿನ ಧೋಲೆರಾದಲ್ಲಿ ಟಾಟಾ ಮತ್ತು ತೈವಾನಿನ ಪಿಎಸ್‌ಎಂಸಿ ಸೇರಿ 91,000 ಕೋಟಿ ರೂಪಾಯಿ ವೆಚ್ಚದಲ್ಲಿ ಕಟ್ಟುತ್ತಿರುವ ಕಾರ್ಖಾನೆ 28 ನ್ಯಾನೋಮೀಟರಿನ ತನಕ ಹೋಗಲಿದೆ. ಮೊಹಾಲಿಯ ಸರ್ಕಾರಿ ಸೆಮಿಕಂಡಕ್ಟರ್ ಘಟಕ 1989ರ ಬೆಂಕಿಯಲ್ಲಿ ಸುಟ್ಟು, ಮತ್ತೆ ಎದ್ದು, ಈಗ 180 ನ್ಯಾನೋಮೀಟರಿನಲ್ಲಿ ಇಸ್ರೋ ರಾಕೆಟ್ಟುಗಳಿಗೆ ವಿಕ್ರಮ್ 3201 ಪ್ರೊಸೆಸರ್ ಮಾಡಿಕೊಟ್ಟಿದೆ. ಇವು ಹಳೆಯ ಪೀಳಿಗೆಯವು ಎಂದು ತಾತ್ಸಾರ ಮಾಡುವವರನ್ನು ನಾನು ಒಪ್ಪುವುದಿಲ್ಲ. ನನ್ನ ಕಂಪ್ಯೂಟರನ್ನು ನಿಲ್ಲಿಸಿದ ಮಾಸ್‌ಫೆಟ್ ಅದಕ್ಕಿಂತಲೂ ಹಳೆಯ ವಿದ್ಯೆ. ಅದನ್ನಾದರೂ ನಮ್ಮಲ್ಲೇ, ನಂಬಬಹುದಾದ ಗುಣಮಟ್ಟದಲ್ಲಿ ಮಾಡಿಕೊಳ್ಳುವಂತಾದರೆ ರಿಪೇರಿಯವರು ಹಳೆಯ ಬೋರ್ಡಿನ ರಾಶಿ ಕೆದಕುವುದು ತಪ್ಪುತ್ತದೆ. ಸಿಟಿಜನ್‌ನಿಂದ ಕಲಿತ ಗಡಿಯಾರ ವಿದ್ಯೆಯಲ್ಲೂ ನಾವು ಮೊದಲು ಕಲಿತದ್ದು ಜೋಡಣೆಯನ್ನು, ಬಳಿಕ ಭಾಗಗಳನ್ನು, ಕೊನೆಗೆ ಭಾಗ ಮಾಡುವ ಟೂಲನ್ನು.

ಹೋಗುವವರಿಗೆ ಉಳಿದ ವಿವರಗಳು: ಅಂಗಡಿ ಬೆಳಿಗ್ಗೆ ಹತ್ತೂವರೆಗೆ ತೆರೆಯುತ್ತದೆ, ಭಾನುವಾರ ರಜೆ. ಮೆಟ್ಟಿಲು ಕಡಿದಾಗಿದೆ, ಹಿಡಿದುಕೊಳ್ಳಲು ಕಂಬಿಯಿಲ್ಲ. ವಯಸ್ಸಾದವರು ಕೆಳಗಿನಿಂದ ಫೋನ್ ಮಾಡಿದರೆ ಅವರೇ ಇಳಿದು ಬಂದು ಯಂತ್ರ ಒಯ್ಯುತ್ತಾರೆ. ಗ್ಯಾರಂಟಿ ಮೂವತ್ತು ದಿನ ಮಾತ್ರ; ಅದು ಕನಿಷ್ಠ ಮೂರು ತಿಂಗಳಾದರೂ ಇರಬೇಕಿತ್ತು. ಹೇಳಿದ ದಿನಕ್ಕೆ ಒಂದು ದಿನ ಕೂಡಿಸಿಕೊಳ್ಳಿ. ಹಾರ್ಡ್ ಡಿಸ್ಕನ್ನು ಮನೆಯಲ್ಲೇ ಬಿಚ್ಚಿಟ್ಟು ಬೋರ್ಡು ಮಾತ್ರ ಒಯ್ಯಿರಿ. ಪರೀಕ್ಷೆಗೆ ತಮ್ಮದೇ ಡಿಸ್ಕ್ ಹಾಕಿಕೊಳ್ಳುತ್ತಾರೆ. ತೆಗೆದ ಭಾಗವನ್ನು ಕೇಳಿ ಪಡೆಯಿರಿ. ನನಗೆ ಸಣ್ಣ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಿಲ್ಲಿಗೆ ಪಿನ್ ಮಾಡಿ ಕೊಟ್ಟರು. ಕೂಲರನ್ನು ಮಾತ್ರ ನೀವಾಗಿ ಎತ್ತಬೇಡಿ. ಎತ್ತಲೇಬೇಕಾದರೆ, ಯಂತ್ರ ಇನ್ನೂ ಚಾಲೂ ಆಗುವಂತಿದ್ದರೆ ಹತ್ತು ನಿಮಿಷ ಓಡಿಸಿ ಪೇಸ್ಟು ಬಿಸಿಯಾದ ಮೇಲೆ, ಮೇಲಕ್ಕೆ ಎಳೆಯದೆ ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗಿಸಿ ಸಡಿಲ ಮಾಡಿಕೊಳ್ಳಿ. ನನ್ನ ಕಡೆಯಿಂದ ಈ ಅಂಗಡಿಗೆ ಐದಕ್ಕೆ ನಾಲ್ಕು. ಹಾಕಿದ ಭಾಗ ಯಾವುದು, ಎಲ್ಲಿಯದು ಎಂದು ಬಿಲ್ಲಿನಲ್ಲಿ ಬರೆಯಲು ಶುರುಮಾಡಿದ ದಿನ ಉಳಿದ ಒಂದನ್ನೂ ಕೊಡುತ್ತೇನೆ.